ಅಜ್ಜಿ ಕೊಟ್ಟ ಕಲ್ಲು

ಬಸ್ಸು ಸ್ಮಶಾನದ ಗೇಟಿನ ಮುಂದೆ ನಿಂತು, ಮಕ್ಕಳೆಲ್ಲ ಇಳಿದು, ಹುಡುಗರು ತಲೆಯ ಮೇಲಿನ ಟೋಪಿ ಸರಿಮಾಡಿಕೊಂಡ ಮೇಲೆ ಶುಲಾ ಮೇಡಂಗೆ ನೆನಪಾಯಿತು, ಅಶೇರ್ ಒಳಗೆ ಬರುವಂತಿಲ್ಲ ಎಂದು.

"ನೀನು ಕೊಹೆನ್ ಅಲ್ವೇನೋ?"

"ಹೌದು ಮೇಡಂ. ಹುಟ್ಟಿದಾಗಿಂದ."

ಕೊಹೆನ್ ಅಂದರೆ ನಮ್ಮ ಯೆಹೂದಿಗಳಲ್ಲಿ ಪುರೋಹಿತರ ಕುಲ. ಆ ಕುಲದ ಗಂಡಸರಿಗೆ ಸಾವಿನ ಮೈಲಿಗೆ ತಾಗಕೂಡದು, ಸ್ಮಶಾನದ ಗೋಡೆ ದಾಟಕೂಡದು. ಮೆಲ್ಬರ್ನಿನಲ್ಲಿ ಆರು ತಿಂಗಳು ಪ್ರತಿ ಭಾನುವಾರ ಮಕ್ಕಳನ್ನು ಕೂಡಿಸಿಕೊಂಡು, ಪೋಲೆಂಡಿನಲ್ಲಿ ಎಲ್ಲಿ ನಗಬಾರದು, ಎಲ್ಲಿ ಫೋಟೊ ತೆಗೆಯಬಾರದು, ನಮ್ಮ ಊಟ ಸಿಗದ ಊರಿನಲ್ಲಿ ಟ್ಯೂನಾ ಮೀನಿನ ಡಬ್ಬಿ ಹೇಗೆ ಹಂಚಿಕೊಳ್ಳಬೇಕು ಎಂದೆಲ್ಲ ಪಾಠ ಹೇಳಿದ್ದ ಮೇಡಂ ಇದೊಂದನ್ನು ಮರೆತಿದ್ದರು. ಅಶೇರನೂ ಮರೆತಿದ್ದ. ಅವನ ಅಜ್ಜಿಯಂತೂ ಅಮ್ಮನ ಕಡೆಯವಳು. ಅಳಿಯನ ಕುಲಾಚಾರ ಅವಳ ತಲೆಗೆ ಯಾವತ್ತೂ ಹತ್ತಿದ್ದಲ್ಲ.

ಆ ಅಜ್ಜಿ ಕೊಟ್ಟ ಕಲ್ಲು ಈಗ ಅವನ ಜೇಬಿನಲ್ಲಿತ್ತು. ಮೆಲ್ಬರ್ನಿನ ಕಾಲ್ಫೀಲ್ಡಿನಲ್ಲಿರುವ ಮನೆಯ ಹಿತ್ತಲಿನಲ್ಲಿ ನಿಂಬೆಗಿಡದ ಬುಡದಿಂದ ಆರಿಸಿದ್ದು. ಗೋರಿಗೆ ನಾವು ಹೂವಿಡುವುದಿಲ್ಲ, ಕಲ್ಲಿಡುತ್ತೇವೆ. ಬಂದು ಹೋದದ್ದಕ್ಕೆ ಗುರುತು. ಅಜ್ಜಿ ಏಳು ವರ್ಷದವಳಿದ್ದಾಗ ಅವಳ ಅಮ್ಮ ರೈಝಲ್ ಕ್ಷಯದಿಂದ ತೀರಿಕೊಂಡು ಇದೇ ಊರಿನಲ್ಲಿ ಮಣ್ಣಾಗಿದ್ದಳು. ಯುದ್ಧ ಬಂದದ್ದು ಆಮೇಲೆ. ಹೋದ ವರ್ಷ ಈ ಊರಿನ ಮಾಸ್ತರೊಬ್ಬರು ಮುಳ್ಳುಗಿಡ ಕಡಿಸಿ, ಬಿದ್ದ ಗೋರಿಗಲ್ಲನ್ನು ಎತ್ತಿ ನಿಲ್ಲಿಸಿ ಫೋಟೊ ಕಳಿಸಿದ್ದರು. "ನಾನಂತೂ ಆ ದೇಶಕ್ಕೆ ಕಾಲಿಡಲ್ಲ ಕಣೋ. ನೀನಾದ್ರೂ ಇಟ್ಟು ಬಾ. ನಮ್ಮಮ್ಮನ್ನ ನೋಡೋಕೆ ಇಷ್ಟು ವರ್ಷದಲ್ಲಿ ಒಬ್ರೂ ಹೋಗಿಲ್ಲ" ಎಂದು ಅಜ್ಜಿ ಅವನ ಕೈ ಹಿಡಿದುಕೊಂಡು ಹೇಳಿದ್ದಳು.

"ಆಹಾ, ಮಡಿವಂತರು!" ಎಂದಳು ಅವನ ಕ್ಲಾಸಿನ ಮಿರಿ. "ಸೇಂಟ್ ಕಿಲ್ಡಾ ಬೀಚಲ್ಲಿ ನಾವು ಮುಟ್ಟಬಾರದ ಸಿಗಡಿ ತಟ್ಟೆಗಟ್ಟಲೆ ಬಾರಿಸೋವಾಗ ಎಲ್ಲಿ ಹೋಗಿತ್ತೋ ಈ ಮಡಿ? ಬಾ ಸುಮ್ನೆ, ಇಲ್ಯಾರು ನೋಡ್ತಾರೆ?"

"ಸಿಗಡಿ ನಂದು," ಎಂದ ಅಶೇರ್. "ಇದು ನಮ್ಮಪ್ಪಂದು. ಪ್ರಾಣಸ್ನೇಹಿತನ್ನ ಮಣ್ಣು ಮಾಡೋವಾಗ್ಲೂ ನಮ್ಮಪ್ಪ ರಸ್ತೇಲೇ ನಿಂತಿದ್ರು ಕಣೇ, ಒಬ್ರೇ."

ಮಿರಿ ಮುಂದೆ ಬಂದಳು. ಕೈ ಚಾಚಿದಳು. ಅಶೇರ್ ಕಲ್ಲನ್ನು ಅವಳ ಅಂಗೈಯಲ್ಲಿಟ್ಟ.

"ಒಳ್ಳೇದಾಯ್ತು," ಎಂದರು ಮೇಡಂ. "ಮಿಕ್ಕವರು ನಿಮ್ಮ ನಿಮ್ಮ ಕಲ್ಲು ಇಟ್ಟಾಯ್ತಲ್ಲ? ಇದೇ ಕೊನೇ ಊರು, ಇನ್ನು ನೇರ ವಿಮಾನ."

ಎಲ್ಲರ ಕೈಯೂ ಜೇಬಿನಲ್ಲಿತ್ತು.

"ಯಾಕ್ರೋ? ಒಬ್ರೂ ಇಟ್ಟಿಲ್ವಾ?"

"ಎಲ್ಲಿಡೋಣ ಮೇಡಂ?" ಎಂದಳು ಮಿರಿ. "ಯುದ್ಧದಲ್ಲಿ ಕೊಂದುಹಾಕಿದ ನಮ್ಮವರಿಗೆ ಯಾರೂ ಗೋರಿ ಕಟ್ಟಲಿಲ್ಲ."

"ಮತ್ಯಾಕೆ ಹೊತ್ಕೊಂಡು ಬಂದ್ರಿ?"

"ನೀವು ತನ್ನಿ ಅಂದ್ರಲ್ಲ."

ಮೇಡಂ ಕೆಂಪಗಾದರು. ನಿಮ್ಮವರ ಗೋರಿಗೆ ಇಡಲು ಮನೆಯಿಂದ ಒಂದು ಕಲ್ಲು ತನ್ನಿ ಎಂದು ತರಗತಿಯಲ್ಲಿ ಹೇಳಿದ್ದರೇ ಹೊರತು, ಗೋರಿ ಯಾರಿಗಿದೆ ಎಂದು ಕೇಳಿರಲಿಲ್ಲ. ಇದ್ದದ್ದು ಅಶೇರ್ ಒಬ್ಬನಿಗೇ. ಕಡಲೆ ಇದ್ದವನಿಗೆ ಹಲ್ಲಿಲ್ಲ, ಹಲ್ಲಿದ್ದವರಿಗೆ ಕಡಲೆ ಇಲ್ಲ.

ಎಲ್ಲರೂ ಒಳಗೆ ಹೋದರು. ಅಶೇರ್ ಗೇಟಿನಾಚೆ ಬಸ್ಸಿಗೆ ಒರಗಿ ನಿಂತ. ಡ್ರೈವರ್ ಒಂದು ಹಿಡಿ ಸೂರ್ಯಕಾಂತಿ ಬೀಜ ಕೊಟ್ಟ, ಅದನ್ನು ಜಗಿದ. ಭೂಮಿಯ ಆ ತುದಿಯಿಂದ ಈ ತುದಿಗೆ ಬಂದು ಹತ್ತು ಹೆಜ್ಜೆ ಹಾಕಲಾಗಲಿಲ್ಲವಲ್ಲ ಎಂದು ಅವನಿಗೆ ಅಳು ಬಂತು. ಸಿಟ್ಟೂ ಬಂತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಒಂದು ಕಲ್ಲಿಡಲು ಇಷ್ಟು ಹೊತ್ತು ಯಾಕೆ ಎಂದೂ ಗೊತ್ತಾಗಲಿಲ್ಲ.

ಕೊನೆಗೆ ಹೊರಬಂದ ಮಿರಿಯ ಮೂಗು ಕೆಂಪಗಿತ್ತು. "ನಿಮ್ಮಜ್ಜಿಗೆ ಬೇಜಾರಾಗಲ್ಲ ತಾನೆ?" ಎಂದಳು. "ಕೇಳ್ದೇ ಮಾಡ್ಬಿಟ್ವಿ." ಹಿಂದೆಯೇ ಬಂದ ಮೇಡಂ ತಮ್ಮ ಫೋನು ತೋರಿಸಿದರು. ಫೋಟೊ ತೆಗೆಯಬಾರದು ಎಂದವರು ತಾವೇ ತೆಗೆದಿದ್ದರು. ರೈಝಲಳ ಗೋರಿಯ ಮೇಲೆ ಕೈಯಗಲ ಜಾಗವೂ ಉಳಿದಿರಲಿಲ್ಲ. ಸಮುದ್ರದ ನುಣುಪು ಕಲ್ಲು, ಇಟ್ಟಿಗೆಯ ಚೂರು, ಯಾರದೋ ಮನೆಯ ಮೀನಿನ ತೊಟ್ಟಿಯ ನೀಲಿ ಕಲ್ಲು.

ಅಶೇರ್ ಅಜ್ಜಿಗೆ ಫೋಟೊ ಕಳಿಸಿ ಅಲ್ಲಿಂದಲೇ ವಿಡಿಯೊ ಕರೆ ಮಾಡಿದ. ಮೆಲ್ಬರ್ನಿನಲ್ಲಿ ಆಗ ಸಂಜೆ. ಅಜ್ಜಿ ಫೋನನ್ನು ಮೂಗಿಗೆ ತಾಗಿಸಿಕೊಂಡು ಆ ಫೋಟೊ ನೋಡಿದಳು.

"ನನ್ನ ಕಲ್ಲೆಲ್ಲೋ?"

"ಅದರೊಳಗೇ ಎಲ್ಲೋ ಇದೆ ಅಜ್ಜಿ. ನಾನಿಡ್ಲಿಲ್ಲ. ನಾನು ಕೊಹೆನ್ ಅಲ್ವಾ."

"ಅಯ್ಯೋ, ನಿಮ್ಮಪ್ಪನ ಕುಲವೇ!" ಎಂದಳು ಅಜ್ಜಿ. "ಮತ್ತೆ ಇವೆಲ್ಲ ಯಾರವು? ನಮ್ಮಮ್ಮನಿಗೆ ಇಷ್ಟು ಬಳಗ ಇರಲಿಲ್ಲ."

"ನಮ್ಮ ಕ್ಲಾಸಿನವರದ್ದು. ಅವರಿಗೆ ಇಡೋಕೆ ಎಲ್ಲೂ ಜಾಗ ಇರಲಿಲ್ಲ."

ಅಜ್ಜಿ ಕನ್ನಡಕ ತೆಗೆದು ಒರೆಸಿದಳು. ಹಾಕಿಕೊಂಡಳು. ಮತ್ತೆ ತೆಗೆದಳು.

"ನಮ್ಮಮ್ಮನ ವಿಷಯ ನಂಗೆ ನೆನಪಿರೋದು ಒಂದೇ," ಎಂದಳು. "ಮನೆಗೆ ಬಂದೋರನ್ನ ಹಸಿದ ಹೊಟ್ಟೇಲಿ ಕಳಿಸ್ತಿರಲಿಲ್ಲ. ಈಗ ಅವಳ ಕೈಲಾಗಲ್ಲ. ಶುಕ್ರವಾರ ರಾತ್ರಿ ಅಷ್ಟೂ ಮಕ್ಕಳನ್ನ ನಮ್ಮನೆಗೆ ಊಟಕ್ಕೆ ಕರ್ಕೊಂಡು ಬಾ."