ಹುಲ್ಲಿನ ಹಾಸಿಗೆಯ ಜೋಗುಳ

ಸುಭದ್ರಾಬಾಯಿ ಜೋಗುಳದ ಎರಡನೆಯ ಸಾಲಿಗೆ ಬಂದಾಗ ಅವಳ ದನಿಯ ಕೆಳಗೆ ಇನ್ನೊಂದು ದನಿ ಮೆಲ್ಲಗೆ ಬಂದು ಕೂತಿತು. ಹಾಡು ಅದೇ, ಸ್ವರ ಮಾತ್ರ ಬೇರೆ. ಎರಡೂ ಒಂದಕ್ಕೊಂದು ಅಡ್ಡ ಬರದೆ ಜೊತೆಜೊತೆಯಾಗಿ ನಡೆದವು. ಅವಳು ತೊಟ್ಟಿಲ ಹಗ್ಗ ಹಿಡಿದುಕೊಂಡೇ ಹಿಂತಿರುಗಿ ನೋಡಿದಳು. ತಿಂಗಳ ಹಿಂದೆ ಗೊಬ್ಬೂರಿನ ದವಾಖಾನೆಗೆ ವರ್ಗವಾಗಿ ಬಂದ ನರ್ಸ್ ವಿದ್ಯಾವತಿ, ಕೈಯಲ್ಲಿ ಗುಗ್ಗರಿ ಹಿಡಿದು, ಕಣ್ಣು ಮುಚ್ಚಿ ಹಾಡುತ್ತಿದ್ದಳು. ಹೀಗೆ ಎರಡು ದನಿಯಲ್ಲಿ ಹಾಡಲು ಎಲ್ಲಿ ಕಲಿಸುತ್ತಾರೆಂದು ಸುಭದ್ರಾಬಾಯಿಗೆ ಚೆನ್ನಾಗಿ ಗೊತ್ತಿತ್ತು. ಚರ್ಚಿನಲ್ಲಿ.

ಸುಭದ್ರಾಬಾಯಿಯ ತವರೂರಿನಲ್ಲಿ ಅವಳ ಅಪ್ಪ ಮಿಷನ್ ದವಾಖಾನೆಯ ಮಾಲಿಯಾಗಿದ್ದ. ಹುಡುಗಿಯಾಗಿದ್ದಾಗ ಪ್ರತಿ ಡಿಸೆಂಬರಿನಲ್ಲೂ ಚರ್ಚಿನ ಮಕ್ಕಳ ಜೊತೆ ಮನೆಮನೆಗೆ ಹೋಗಿ ಹಾಡಿದವಳು. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಲಿಂಗ, ಬಾಯಲ್ಲಿ ಕ್ರಿಸ್ಮಸ್ ಹಾಡು. ಮನೆಯಲ್ಲಿ ಯಾರೂ ಬೇಡ ಅನ್ನಲಿಲ್ಲ. ಗಂಟೆಯ ಹಾಡು, ಕುರುಬರ ಹಾಡು ಎಲ್ಲವೂ ಇಷ್ಟವೇ, ಆದರೆ ಏಸುಕೂಸಿನ ಈ ತೊಟ್ಟಿಲ ಹಾಡೆಂದರೆ ಪ್ರಾಣ. ಮದುವೆಯಾಗಿ ಗೊಬ್ಬೂರಿಗೆ ಬಂದ ವರ್ಷ, ಓಣಿಯ ಒಂದು ತೊಟ್ಟಿಲ ಕಾರ್ಯದಲ್ಲಿ ಹೊಸ ಸೊಸೆಯೇ ಹಾಡಬೇಕೆಂದು ಹೆಂಗಸರು ಗಂಟುಬಿದ್ದರು. ಬೇರೆ ಜೋಗುಳ ಬಾರದೆ ಇದನ್ನೇ ಹಾಡಿದಳು. ಏಸುವಿನ ಹೆಸರು ಬರುವಲ್ಲಿ ಕೂಸಿನ ಹೆಸರು ಹಾಕಿದಳು. ಎಲ್ಲಿ ಕಲಿತೆ ಎಂದವರಿಗೆ ಅಜ್ಜಿ ಹೇಳಿಕೊಟ್ಟಳು ಎಂದು ತಣ್ಣಗೆ ಸುಳ್ಳು ಹೇಳಿದಳು.

ಅದಾಗಿ ನಲವತ್ತು ವರ್ಷ. ‘ಹುಲ್ಲಿನ ಹಾಸಿಗೆ, ಚಿಕ್ಕಿಯ ದೀವಿಗೆ’ ಎಂದು ಅವಳು ಹಾಡದೆ ಆ ಓಣಿಯಲ್ಲಿ ಒಂದು ಕೂಸಿಗೂ ಹೆಸರಿಟ್ಟಿಲ್ಲ. ಸಾಗವಾನಿ ತೊಟ್ಟಿಲಲ್ಲಿ ಮಲಗಿದ ಗೌಡರ ಮೊಮ್ಮಗನಿಗೆ ಹುಲ್ಲಿನ ಹಾಸಿಗೆ, ನಕ್ಷತ್ರದ ದೀಪ ಯಾಕೆಂದು ಒಬ್ಬರೂ ಕೇಳಲಿಲ್ಲ. ಉಳಿದ ಹಾಡುಗಳನ್ನು ಡಿಸೆಂಬರ್ ಬಂದಾಗ ರೊಟ್ಟಿ ಬಡಿಯುವ ಸದ್ದಿನಲ್ಲಿ ಗುನುಗಿಕೊಳ್ಳುತ್ತಿದ್ದಳು. ನಾಲ್ಕು ಮಂದಿಯ ನಡುವೆ ಬಾಯಿಬಿಟ್ಟು ಹಾಡಲು ಅವಳಿಗಿದ್ದದ್ದು ಇದೊಂದೇ. ಗುಟ್ಟು ಹೊರಬಿದ್ದರೆ ಇನ್ನು ತೊಟ್ಟಿಲಿಗೆ ಅವಳನ್ನು ಯಾರು ಕರೆದಾರು?

ಇವತ್ತಿನ ಕೂಸು ಈ ಮನೆಯ ಯಜಮಾನ ಶಿವರಾಯನ ಮಗಳು ಸೃಷ್ಟಿಯದು. ಸೋದರತ್ತೆ ಅದರ ಕಿವಿಯಲ್ಲಿ ಅಮರನಾಥ ಎಂದು ಹೇಳಿ, ಪದ್ಧತಿಯಂತೆ ಎಲ್ಲರಿಂದ ಬೆನ್ನಿಗೆ ಗುದ್ದು ತಿಂದಾಗಿತ್ತು. ಹಾಡು ಮುಗಿದದ್ದೇ ಶಿವರಾಯನ ಹೆಂಡತಿ ಮಹಾನಂದಾ ನರ್ಸಿನ ಕಡೆ ತಿರುಗಿದಳು.

“ಸಿಸ್ಟರ್, ನಮ್ಮೂರ ಹಾಡು ನಿಮಗ ಹ್ಯಾಂಗ ಗೊತ್ರಿ?”

ವಿದ್ಯಾವತಿ ಉತ್ಸಾಹದಿಂದ ಬಾಯಿ ತೆರೆದಳು. ಅಷ್ಟರಲ್ಲಿ ಸುಭದ್ರಾಬಾಯಿಯ ಬಿಳಿಚಿದ ಮುಖ ಕಣ್ಣಿಗೆ ಬಿತ್ತು. “ಎಲ್ಲೋ ರೇಡಿಯೋದಾಗ ಕೇಳಿದ್ದೆನ್ರಿ,” ಎಂದಳು. “ಯಾವುದೋ ಹಳೇ ಸಿನಿಮಾದ್ದು ಇರಬೇಕ್ರಿ.”

ಬದುಕಿದೆನೆಂದು ಸುಭದ್ರಾಬಾಯಿ ಸುಮ್ಮನಾಗಬೇಕಿತ್ತು. ಅದರ ಬದಲು ಅವಳಿಗೆ ಸಿಟ್ಟು ಬಂತು. ಅಷ್ಟು ಚೆಂದದ ಹಾಡನ್ನು ಹೆಸರಿಲ್ಲದ ಸಿನಿಮಾದ ಪಾಲು ಮಾಡಿದ್ದನ್ನು ಕೇಳಿಕೊಂಡು ಕೂರಲು ಅವಳಿಂದ ಆಗಲಿಲ್ಲ.

“ಸಿನಿಮಾದ್ದಲ್ಲ,” ಎಂದುಬಿಟ್ಟಳು. “ಕ್ರಿಸ್ಮಸ್ ಹಾಡದು. ಚರ್ಚಿನಾಗ ಹಾಡ್ತಾರ. ನಾ ಹೆಸರಷ್ಟ ಬದಲು ಮಾಡೇನಿ.”

ಗುಗ್ಗರಿ ತಿನ್ನುತ್ತಿದ್ದ ಬಾಯಿಗಳು ನಿಂತವು. ಮಹಾನಂದಾಳ ಮುಖ ಸಣ್ಣದಾಯಿತು. “ಅಂದ್ರ ಇಷ್ಟು ವರ್ಷ ಎಲ್ಲಾರಿಗೂ ಸುಳ್ಳು ಹೇಳಿದೇನಕ್ಕಾ? ನನ್ನ ಮಗಳ ತೊಟ್ಟಿಲಕ್ಕೂ ಇದನ್ನ ಹಾಡಿದ್ದಿ.”

“ಹೌದವಾ.” ಸುಭದ್ರಾಬಾಯಿ ಹಗ್ಗ ಬಿಟ್ಟು ಸೆರಗು ಸರಿಮಾಡಿಕೊಂಡಳು. ಎದ್ದು ಹೋಗುವುದೊಂದೇ ಉಳಿದಿತ್ತು.

“ಕೂಡು,” ಎಂದಿತು ಗೋಡೆಯ ಕಡೆಯಿಂದ ಒಂದು ದನಿ. ಶಿವರಾಯನ ತಾಯಿ ಶರಣಬಸಮ್ಮ. ತೊಂಬತ್ತರ ಹತ್ತಿರದ ಮುದುಕಿ. ಆ ಮನೆಯಲ್ಲಿ ಅವಳ ಮಾತು ಮೀರಿ ಒಂದು ಚಮಚವೂ ಜಾಗ ಬಿಟ್ಟು ಕದಲುತ್ತಿರಲಿಲ್ಲ. “ಯಾವ ಕೂಸಿಂದು ಆ ಹಾಡು?”

“ಏಸುಸ್ವಾಮಿದ್ರಿ, ಆಯಿ.”

“ದನದ ಕೊಟ್ಟಿಗ್ಯಾಗ ಹುಟ್ಟಿತಂತಲ್ಲ, ಅದೇನು?”

“ಅದೇರಿ.”

ಮುದುಕಿ ಹಲ್ಲಿಲ್ಲದ ಬಾಯಲ್ಲಿ ಸ್ವಲ್ಪ ಹೊತ್ತು ಏನನ್ನೋ ಮೆಲುಕು ಹಾಕಿದಳು.

“ಅದನ್ನ ಹಡಿಯುವಾಗ ಆ ಹುಡುಗಿ ಹಂತ್ಯಾಕ ಯಾರಿದ್ರು? ಅವ್ವ, ಅಕ್ಕ, ತಂಗಿ?”

ಸುಭದ್ರಾಬಾಯಿ ನರ್ಸಿನ ಮುಖ ನೋಡಿದಳು. ವಿದ್ಯಾವತಿ ಇಲ್ಲವೆಂದು ತಲೆಯಾಡಿಸಿದಳು. “ಯಾರೂ ಇದ್ದಿಲ್ರಿ ಆಯಿ. ಪರಸ್ಥಳದಾಗ ಹಡದಾಳ್ರಿ. ಗಂಡ ಒಬ್ಬಾಂವ ಇದ್ದ.”

“ಗಂಡಸಿಗೆ ಏನ್ ತಿಳೀತದ?” ಶರಣಬಸಮ್ಮನಿಗೆ ಇಡೀ ವಿಷಯದಲ್ಲಿ ಅದೊಂದೇ ದೊಡ್ಡ ಅನ್ಯಾಯವಾಗಿ ಕಂಡಿತು. ನೆಲಕ್ಕೆ ಕೈಯೂರಿ ತೆವಳುತ್ತ ತೊಟ್ಟಿಲ ಹತ್ತಿರ ಬಂದಳು. ಬಿಟ್ಟ ಹಗ್ಗವನ್ನು ಎತ್ತಿ ಸುಭದ್ರಾಬಾಯಿಯ ಕೈಗಿಟ್ಟಳು.

“ಇನ್ನೊಮ್ಮಿ ಹಾಡ ಬೇ ಸುಭದ್ರಾ. ಈ ಸಲ ಆ ಕೂಸಿನ ಹೆಸರು ಹಾಕೇ ಹಾಡು. ಅಕಿ ತವರಿನವ್ರು ನಾವಂತ ತಿಳಿ.”