ನಾಳೆಯ ಪ್ರಶ್ನೆಗಳ ಪಟ್ಟಿ

ಧಾರವಾಡದ ಜನ ನಾಳೆ ಅಂತರ್ಜಾಲದಲ್ಲಿ ಕೇಳಲಿರುವ ಪ್ರಶ್ನೆಗಳ ಪಟ್ಟಿ, ಮನೆ ನಂಬರಿನ ಸಮೇತ, ಸುಲೋಚನಾಬಾಯಿಗೆ ಇವತ್ತೇ ಬರುತ್ತದೆ. ಪ್ರಶ್ನೆಯನ್ನೇ ಮೊದಲ ಸಾಲಿನಲ್ಲಿಟ್ಟು ನಲವತ್ತು ಪದದೊಳಗೆ ಉತ್ತರ ಬರೆದರೆ ಹುಡುಕುವವರಿಗೆ ಅದೇ ಎಲ್ಲಕ್ಕಿಂತ ಮೇಲೆ ಕಾಣುತ್ತದೆ. ಅವರ ಕೆಲಸವೇ ಅದು.

ಇವತ್ತಿನ ಪಟ್ಟಿಯಲ್ಲಿ ಅವರದೇ ಮನೆ ನಂಬರಿತ್ತು: ‘ಅತ್ತೆ ಮೆಚ್ಚುವ ಹಾಗೆ ಕಟ್ಟಿನ ಸಾರು ಮಾಡುವುದು ಹೇಗೆ?’

‘ಅತ್ತೆ ಮೆಚ್ಚುವ ಹಾಗೆ ಕಟ್ಟಿನ ಸಾರು ಮಾಡಲು’ ಎಂದು ರೂಢಿಯಂತೆ ಶುರು ಮಾಡಿದವರು ಅಲ್ಲಿಗೇ ನಿಂತರು. ಸೊಸೆ ಬಂದ ನಾಲ್ಕು ವರ್ಷದಲ್ಲಿ ಅವಳ ಸಾರನ್ನು ತಾವು ಒಮ್ಮೆಯೂ ಮೆಚ್ಚಿದ್ದು ನೆನಪಾಗಲಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗ ಹೇಳಿದರು, “ಸಾರು ಭಾಳ ಛಲೋ ಆಗೇದ, ವೈಭವಿ.”

ಸೊಸೆ ಸೌಟು ಹಿಡಿದೇ ನಿಂತಳು. “ಯಾಕ್ರೀ, ಉಪ್ಪು ಹೆಚ್ಚಾತೇನು?”

ಊಟ ಮುಗಿಸಿ ನೋಡಿದರೆ ಪಟ್ಟಿಯಲ್ಲಿ ಆ ಪ್ರಶ್ನೆ ಇರಲಿಲ್ಲ. ಅದೇ ಮನೆ ನಂಬರಿನ ಮುಂದೆ ಹೊಸದೊಂದು ಬಂದಿತ್ತು: ‘ಅತ್ತೆ ಇದ್ದಕ್ಕಿದ್ದಂತೆ ಹೊಗಳಿದರೆ ಏನರ್ಥ?’