ಮೂರು ವರ್ಷದ ಚಾಂಪಿಯನ್

"ಅವರನ್ನ ಸೋಲಿಸಬೇಡಿ. ಪಾಪ, ಒಂದು ಕಾಲು ಸರಿಯಿಲ್ಲ. ವಾರಕ್ಕೆ ಇದೊಂದೇ ಖುಷಿ ಅವರಿಗೆ."

ಕಾರ್ಖಾನೆಯ ವ್ಯಾನ್ ಡ್ರೈವರ್ ಆಟದ ಕೋಣೆಯೊಳಗೆ ಯಾರಿಗೋ ಹೀಗೆ ಹೇಳುತ್ತಿದ್ದಾಗ ನಾನು ಬಾಗಿಲಾಚೆ ಕಾಲಿನ ಕ್ಯಾಲಿಪರ್ ಪಟ್ಟಿ ಬಿಗಿಮಾಡಿಕೊಳ್ಳುತ್ತಿದ್ದೆ. ನಾನು ಆ ಕಾರ್ಖಾನೆಯಲ್ಲಿ ಅಂಗಿ ಕತ್ತರಿಸುವ ಟೈಲರ್. ಶನಿವಾರ ಅರ್ಧ ದಿನ ರಜೆ, ಆಗ ಕೇರಂ. ಮೂರು ವರ್ಷದಿಂದ ನನ್ನನ್ನು ಯಾರೂ ಸೋಲಿಸಿಲ್ಲ. ಒಂದೊಂದು ಗೆಲುವನ್ನೂ ಉಪ್ಪುಖಾರ ಹಚ್ಚಿ ಹೆಂಡತಿಗೆ ಹೇಳಿದ್ದೇ ಹೇಳಿದ್ದು. ಇಡೀ ಕಾರ್ಖಾನೆ ನನ್ನ ಕಿವಿಗೆ ಹೂವಿಟ್ಟಿತ್ತು! ಇವತ್ತು ಒಂದೇ ಒಂದು ನಿಜವಾದ ಆಟ ಬೇಕು, ಸೋತರೂ ಸರಿ ಎಂದುಕೊಂಡು ಸಿಟ್ಟಿನಿಂದ ಒಳಗೆ ಹೋದೆ.

ಬೋರ್ಡಿನ ಮುಂದೆ ಹೊಸ ಲಿಫ್ಟ್ ಆಪರೇಟರ್ ಕೂತಿದ್ದರು. ಬಲಗೈ ಇಲ್ಲ, ಅಂಗಿಯ ಖಾಲಿ ತೋಳನ್ನು ಮಡಚಿ ಪಿನ್ನು ಹಾಕಿದ್ದರು. ನನ್ನ ಕರುಳು ಚುರ್ ಎಂದಿತು. ಪಾಪ, ಹೊಸ ಕೆಲಸ. ಒಂದು ಆಟ ಬಿಟ್ಟುಕೊಟ್ಟರೆ ನನ್ನ ಗಂಟೇನು ಹೋಗುತ್ತದೆ? ಬೇಕೆಂದೇ ಗುರಿ ತಪ್ಪಿಸಿದೆ. ಅವರೂ ತಪ್ಪಿಸಿದರು. ಮತ್ತೆ ನಾನು, ಮತ್ತೆ ಅವರು. ಅರ್ಧ ಗಂಟೆಯಾದರೂ ಒಂದು ಕಾಯಿಯೂ ಗುಂಡಿಗೆ ಬೀಳಲಿಲ್ಲ.

"ಏನ್ ಸಾರ್, ಬಿಟ್ಕೊಡ್ತಿದ್ದೀರಾ?" ಎಂದರು ಅವರು.

"ನೀವೇನು ಮಾಡ್ತಿದ್ದೀರಿ?"

"ನಿಮ್ಮ ಕಾಲಿನ ವಿಷಯ ಡ್ರೈವರ್ ಹೇಳಿದ್ರು. ಅದಕ್ಕೇ..."

"ಕೇರಂ ಏನು ಕಾಲಲ್ಲಿ ಆಡ್ತಾರೇನ್ರೀ?"

"ಹಾಗಾದ್ರೆ ನಾನೇನು ಎರಡೂ ಕೈಲಿ ಹೊಡೀಬೇಕಿತ್ತಾ?"

ನಾಚಿಕೆಯಾಯಿತು. ಡ್ರೈವರ್ ಮೇಲೆ ಹಲ್ಲು ಕಡಿದವನು ಒಳಗೆ ಬಂದ ಕೂಡಲೇ ಅವನನ್ನೂ ಮೀರಿಸಿದ್ದೆ. ಕಾಯಿಗಳನ್ನು ಹೊಸದಾಗಿ ಜೋಡಿಸಿ, ಈ ಸಲ ನಿಜವಾದ ಆಟ ಎಂದು ಇಬ್ಬರೂ ಆಣೆ ಹಾಕಿದೆವು.

ತೋಳೇರಿಸಿ ಹೊಡೆದೆ. ಸ್ಟ್ರೈಕರೇ ಗುಂಡಿಗೆ ಬಿತ್ತು. ಅವರು ಹೊಡೆದದ್ದು ಬೋರ್ಡು ದಾಟಿ ನನ್ನ ಮಡಿಲಿಗೆ ಬಂತು. ಗುಂಡಿಯ ಬಾಯಲ್ಲೇ ಕೂತಿದ್ದ ಬಿಳಿ ಕಾಯಿಗೆ ಉಸಿರು ಬಿಗಿಹಿಡಿದು ನಾಲ್ಕು ಸಲ ಗುರಿಯಿಟ್ಟೆ, ಅದು ಕದಲಲಿಲ್ಲ. ಮೂರು ವರ್ಷ ಗೆದ್ದವನಿಗೆ ಆಟ ಕಲಿಯುವ ಅಗತ್ಯವೇ ಬಿದ್ದಿರಲಿಲ್ಲ. ಲಿಫ್ಟಿನವರ ಕಥೆಯೂ ಅದೇ. ಹಳೆಯ ಕೆಲಸದಲ್ಲಿ ಅವರು ಆರು ವರ್ಷದ ಚಾಂಪಿಯನ್ ಅಂತೆ.

ಬೆವರು ಸುರಿಸುತ್ತ, ಅವಡುಗಚ್ಚಿ ಇಬ್ಬರೂ ಹೊಡೆಯುತ್ತಲೇ ಇದ್ದೆವು. ಗೋಡೆಗೊರಗಿ ನೋಡುತ್ತಿದ್ದ ಡ್ರೈವರ್ ಕಣ್ಣೊರೆಸಿಕೊಂಡು ಪಕ್ಕದವನಿಗೆ ಹೇಳಿದ:

"ಎಂಥ ದೊಡ್ಡ ಮನಸ್ಸು ನೋಡು! ಇನ್ನೂ ಒಬ್ಬರಿಗೊಬ್ಬರು ಬಿಟ್ಕೊಡ್ತಾನೇ ಇದ್ದಾರೆ."